ಸಿಟಿ ಸ್ಕ್ಯಾನ್ ಓದುವುದರಲ್ಲಿ ಪಕ್ಕಾ, ವೇಟಿಂಗ್ ಹಾಲ್ ಮಾತ್ರ ಬೇಡಪ್ಪಾ (5ಕ್ಕೆ 4 ಸ್ಟಾರ್)

ಅಪ್ಪನಿಗೆ 61 ವರ್ಷ, ಶುಗರ್ ಬಂದು ಬಹಳ ವರ್ಷ ಆಯಿತು. ಎರಡು ತಿಂಗಳಿಂದ ಒಣಕೆಮ್ಮು, ಸಂಜೆಯಾದರೆ ಮೈ ಬೆಚ್ಚಗೆ, ತೂಕ ಆರು ಕೆಜಿ ಇಳಿದಿತ್ತು. ಮೊದಲು ಸಿಟಿ ಮಾಡಿಸಿದ್ದು ಬೇರೆ ಕಡೆ. ಅವರು ಕ್ಯಾನ್ಸರ್ ಇರಬಹುದು ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡರು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಅದೇ ಸ್ಕ್ಯಾನಿನ ಸಿಡಿ ಹಿಡಿದುಕೊಂಡು ಈ ಸ್ಕ್ಯಾನ್ ಸೆಂಟರಿಗೆ ಬಂದೆವು. ಮತ್ತೆ ಸ್ಕ್ಯಾನ್ ಮಾಡಿಸಿ ಅನ್ನಲಿಲ್ಲ, ಓದಿದ್ದಕ್ಕಷ್ಟೇ ದುಡ್ಡು ತಗೊಂಡರು. ಸ್ಕ್ಯಾನ್ ಓದುವ ಡಾಕ್ಟರ್, ಅಂದರೆ ರೇಡಿಯಾಲಜಿಸ್ಟ್, ನನ್ನನ್ನೂ ಒಳಗೆ ಕರೆದು, ಸ್ಕ್ರೀನ್ ಮೇಲೆ ಪೆನ್ನಿನ ಕ್ಯಾಪ್ ಇಟ್ಟು ತೋರಿಸಿದರು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕೋಡುಬಳೆ ಥರ ಒಂದು ಬಿಳಿ ಉಂಗುರ, ನಡುವೆ ಮಂಜು ಕವಿದ ಹಾಗೆ ತೆಳ್ಳನೆಯ ಬೂದು. ರಿವರ್ಸ್ಡ್ ಹೇಲೋ ಅಂತಾರಂತೆ. ಇದು ಬೇರೆ ಕಾಯಿಲೆಗಳಲ್ಲೂ ಬರುತ್ತದೆ, ಆದರೆ ಇಲ್ಲಿ ಉಂಗುರದ ಅಂಚು ನುಣ್ಣಗಿಲ್ಲ, ಸಾಸಿವೆ ಮೆತ್ತಿದ ಹಾಗೆ ಗಂಟುಗಂಟಾಗಿದೆ, ಒಳಗೂ ಅದೇ ಕಾಳು, ಹೀಗಿದ್ದರೆ ಮೊದಲು ಟಿಬಿ ಇದೆಯಾ ನೋಡಬೇಕು ಅಂದರು. ಟಿಬಿ ಅಂದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ತೂತು ಬೀಳುವುದು, ಅಷ್ಟೇ ನನಗೆ ಗೊತ್ತಿದ್ದದ್ದು. ಶುಗರ್ ಇರುವವರಲ್ಲಿ ಕೆಳಗೂ ಬರುವುದು ಜಾಸ್ತಿಯಂತೆ. ಕೆಲವರಲ್ಲಿ ಒಂಟಿ ಗಡ್ಡೆ ಥರ ಕೂತು ಥೇಟ್ ಕ್ಯಾನ್ಸರ್ ಹಾಗೇ ಕಾಣುತ್ತದಂತೆ. ಸುಮ್ನೆ ಸಿಟಿ ನೋಡಿ ಮಾತ್ರೆ ಶುರು ಮಾಡಬೇಡಿ, ಸ್ಯಾಂಪಲ್ ಟೆಸ್ಟ್ ಆಗಲೇಬೇಕು ಅಂತ ರಿಪೋರ್ಟಿನಲ್ಲೇ ಬರೆದುಕೊಟ್ಟರು.

ಅಪ್ಪನಿಗೆ ಕಫ ಬರುತ್ತಲೇ ಇರಲಿಲ್ಲ. ಬ್ರಾಂಕೋಸ್ಕೋಪಿ ಮಾಡಿ (ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸುತ್ತಾರೆ), ಶ್ವಾಸಕೋಶ ತೊಳೆದ ನೀರನ್ನು ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಟೆಸ್ಟ್‌ಗೆ ಕಳಿಸಿದಾಗ ಟಿಬಿ ಅಂತಲೇ ಬಂತು. ಟಿಬಿ ಅಂದಿದ್ದಕ್ಕೆ ಅಮ್ಮ ದೇವರಿಗೆ ಕಾಯಿ ಒಡೆಸಿದ್ದನ್ನು ನಾನು ಮೊದಲ ಸಲ ನೋಡಿದ್ದು! ಈಗ ಸರ್ಕಾರಿ ಆಸ್ಪತ್ರೆಯ ಮಾತ್ರೆ, 6 ತಿಂಗಳ ಕೋರ್ಸ್, ಎಲ್ಲ ಉಚಿತ. ಟಿಬಿ ಇರುವವರ ಪೌಷ್ಟಿಕ ಊಟಕ್ಕೆ ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಸ್ಕೀಮ್‌ನಿಂದ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಅಕೌಂಟಿಗೇ ಬರುತ್ತದೆ.

ಒಂದು ಸ್ಟಾರ್ ಕಿತ್ತಿದ್ದು ವೇಟಿಂಗ್ ಹಾಲ್‌ಗೆ. ಎದೆ ಸ್ಕ್ಯಾನಿಗೆ ಬಂದವರೆಲ್ಲ ಕೆಮ್ಮುತ್ತಾ ಕೂತಿರುತ್ತಾರೆ, ಪಕ್ಕದಲ್ಲೇ ಅಲ್ಟ್ರಾಸೌಂಡ್‌ಗೆ ಬಂದ ಬಸುರಿಯರು, ಎಸಿ ಹಾಕಿ ಒಂದು ಕಿಟಕಿಯೂ ಬಿಡದೆ ಮುಚ್ಚಿದ್ದಾರೆ. ಟಿಬಿ ಹರಡುವುದೇ ಗಾಳಿಯಲ್ಲಿ ಅಲ್ವಾ, ಇವರಿಗೆ ನಾವು ಹೇಳಬೇಕಾ? ಮಾಸ್ಕ್ ಕೇಳಿದರೆ ಕೆಳಗಡೆ ಮೆಡಿಕಲ್‌ನಲ್ಲಿ ತಗೊಳ್ಳಿ ಅಂದರು. ಅಲ್ಲೇ ಎರಡೂವರೆ ಗಂಟೆ ಕೂತೆವು.

ಹೋಗುವವರು ಬೆಳಗ್ಗೆ ಬೇಗ ಹೋಗಿ, ಮಾಸ್ಕ್ ಮನೆಯಿಂದಲೇ ಹಾಕಿಕೊಳ್ಳಿ. ಹಳೆ ಸ್ಕ್ಯಾನಿನ ಸಿಡಿ ಮರೆಯಬೇಡಿ, ನಮ್ಮ ಮುಂದೆ ಇದ್ದವರು ಬರೀ ಫಿಲಂ ತಂದಿದ್ದಕ್ಕೆ ವಾಪಸ್ ಕಳಿಸಿದರು.