ಕ್ಯೂಜಿಐಎಸ್ ಮತ್ತು ಕೋಬೋಕಲೆಕ್ಟ್: ಕಲಬುರಗಿ, ಯಾದಗಿರಿಯ ಮನೆಮನೆ ಸಮೀಕ್ಷೆಯಲ್ಲಿ ಬಳಸಿ ನೋಡಿದ ಮೇಲೆ

ಫೋನಿನಲ್ಲಿ ಪ್ರಶ್ನಾವಳಿ ತುಂಬಲು ಕೋಬೋಕಲೆಕ್ಟ್, ಕಂಪ್ಯೂಟರಿನಲ್ಲಿ ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್. ಎರಡಕ್ಕೂ ಲೈಸೆನ್ಸ್ ಶುಲ್ಕ ಇಲ್ಲ, ಎರಡೂ ಗಟ್ಟಿ. ಆರೋಗ್ಯ, ವಲಸೆ, ಪಡಿತರದಂಥ ವಿಷಯಗಳ ಮನೆಮನೆ ಸಮೀಕ್ಷೆಗೆ ಈ ಜೋಡಿ ಧಾರಾಳವಾಗಿ ಸಾಕು. ನಮ್ಮ ತಕರಾರೆಲ್ಲ ಇವುಗಳೊಳಗೆ ಸುರಿಯುವ ಗಡಿರೇಖೆಗಳ ಮೇಲೆ. ಅದಕ್ಕೇ ವಿಮರ್ಶೆಯ ದೊಡ್ಡ ಪಾಲು ಅಲ್ಲಿಗೆ ಹೋಗಿದೆ.

ಮೊದಲು ಫೋನಿನ ಮಾತು. ಫಾರ್ಮ್‌ನಲ್ಲಿ ಜಿಯೋಪಾಯಿಂಟ್ ಪ್ರಶ್ನೆ, ಅಂದರೆ ಮನೆಯ ಜಾಗವನ್ನು ಜಿಪಿಎಸ್‌ನಿಂದ ಗುರುತಿಸುವ ಪ್ರಶ್ನೆ ಇಟ್ಟರೆ, ನಿಖರತೆ (ಬಿಂದು ಎಷ್ಟು ಮೀಟರ್ ತಪ್ಪಿರಬಹುದು ಎಂಬ ಅಂದಾಜು) 5 ಮೀಟರಿಗೆ ಇಳಿದ ಕೂಡಲೇ ಆ್ಯಪ್ ತಾನೇ ಬಿಂದುವನ್ನು ಹಿಡಿದುಕೊಳ್ಳುತ್ತದೆ. ಬಯಲಲ್ಲಿ ನಿಂತರೆ ಇದಕ್ಕೆ ಹೊತ್ತು ಹಿಡಿಯುವುದಿಲ್ಲ. ಶಹಾಬಾದ್ ಕಲ್ಲಿನ ಫರಸಿ ಹೊದಿಸಿದ ಮಾಳಿಗೆಯ ಕೆಳಗೆ ಕೂತು ಒತ್ತಿದರೆ ಮಾತ್ರ 40–60 ಮೀಟರಿನಲ್ಲೇ ತೂಗಾಡುತ್ತದೆ. ಕಾದು ಬೇಸತ್ತವರು ಹಾಗೇ ಉಳಿಸಿ ಮುಂದಿನ ಮನೆಗೆ ಹೋಗುತ್ತಾರೆ. ಹಳ್ಳಿಯಲ್ಲಿ 60 ಮೀಟರ್ ಅಂದರೆ ಇನ್ನೊಂದು ಓಣಿ, ಬಹಳ ಸಲ ಇನ್ನೊಂದು ಜಾತಿಯ ಓಣಿ. ಸಮಾಜಶಾಸ್ತ್ರದ ಸಮೀಕ್ಷೆಗೆ ಇದು ಸಣ್ಣ ತಪ್ಪಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಫಾರ್ಮಿನ ಕೊನೆಗಿಟ್ಟು, ಅಂಗಳಕ್ಕೆ ಬಂದ ಮೇಲೆ ಹಿಡಿಯುವಂತೆ ಹೇಳಿ. ಫಾರ್ಮ್ ಬರೆಯುವ ಎಕ್ಸೆಲ್ ಹಾಳೆಯ, ಅಂದರೆ ಎಕ್ಸ್‌ಎಲ್‌ಎಸ್‌ಫಾರ್ಮ್‌ನ, ಪ್ಯಾರಾಮೀಟರ್ಸ್ ಕಾಲಮ್ಮಿನಲ್ಲಿ ಮಿತಿಯನ್ನು 10 ಮೀಟರಿಗೆ ಸಡಿಲಿಸಬಹುದು. ಮಿತಿ ದಾಟಿದರೆ ಫಾರ್ಮ್ ಮುಂದಕ್ಕೇ ಹೋಗದಂತೆ ನಿರ್ಬಂಧ ಹಾಕುವುದು ಬೇಡ. ಹಾಕಿದರೆ ಕೆಲವರು ಊರ ಅಗಸಿಯ ಕಟ್ಟೆಗೆ ಬಂದು ಎಲ್ಲ ಮನೆಗಳ ಬಿಂದುವನ್ನೂ ಅಲ್ಲೇ ಹಿಡಿಯುತ್ತಾರೆ, ಅದೂ ಬಲು ನಿಖರವಾಗಿ! ಅದರ ಬದಲು ಪ್ರತಿ ಸಂಜೆ ನಿಖರತೆಯ ಕಾಲಮ್ಮಿನಲ್ಲಿ 20ಕ್ಕಿಂತ ಹೆಚ್ಚಿರುವ ಸಾಲುಗಳನ್ನು, ಒಂದರ ಮೇಲೊಂದು ಬಿದ್ದ ಬಿಂದುಗಳನ್ನು ಬೇರ್ಪಡಿಸಿ ಮರುದಿನ ಮತ್ತೆ ಕಳಿಸುವುದು ಮೇಲು.

ನೆಟ್‌ವರ್ಕ್ ಇಲ್ಲದ ಊರುಗಳಿಗೆ ಕ್ಯೂಜಿಐಎಸ್‌ನಲ್ಲೇ ಎಂಬಿಟೈಲ್ಸ್ ಕಡತ (ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ) ಮಾಡಿ ಫೋನಿಗೆ ಹಾಕಬಹುದು. ಜೂಮ್ 13ರಿಂದ 18ರವರೆಗೆ ಸಾಕು. ಇಡೀ ತಾಲ್ಲೂಕಿಗೆ 18 ಕೊಟ್ಟರೆ ಕಡತ ವಿಪರೀತ ಉಬ್ಬುತ್ತದೆ, ಊರೂರಿಗೆ ಬೇರೆ ಬೇರೆ ಮಾಡಿ. ಮೇ ತಿಂಗಳ ಬಿಸಿಲಲ್ಲಿ ಫೋನ್ ಕಾದು ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಅದು ಆ್ಯಪಿನ ತಪ್ಪಲ್ಲ.

ಈಗ ಗಡಿಗಳು. ಹಳ್ಳಿ ಮಟ್ಟದ ನಕ್ಷೆ ಹುಡುಕಿದರೆ ಕೈಗೆ ಸಿಗುವುದು ಹೆಚ್ಚಾಗಿ 2011ರ ಜನಗಣತಿಯದು. ಅದರಲ್ಲಿ ಜಿಲ್ಲೆಯ ಹೆಸರು ಇನ್ನೂ ಗುಲ್ಬರ್ಗಾ. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ತಾಲ್ಲೂಕುಗಳಿಲ್ಲ. ಯಾದಗಿರಿಯ ಗುರುಮಠಕಲ್, ಹುಣಸಗಿ, ವಡಗೇರಾ ಇಲ್ಲ. ಬೀದರಿನ ಚಿಟಗುಪ್ಪ, ಹುಲಸೂರು, ಕಮಲನಗರವೂ ಇಲ್ಲ. ಉತ್ತರದಾತರು ‘ನಮ್ಮದು ಯಡ್ರಾಮಿ ತಾಲ್ಲೂಕು’ ಅನ್ನುತ್ತಾರೆ, ನಕ್ಷೆ ಜೇವರ್ಗಿ ಅನ್ನುತ್ತದೆ. ಫಾರ್ಮಿನಲ್ಲಿ ಹೊಸ ತಾಲ್ಲೂಕು, ಹಳೆ ತಾಲ್ಲೂಕು ಎರಡು ಕಾಲಮ್ ಇಟ್ಟು, ಸಮೀಕ್ಷೆಯನ್ನು ನಕ್ಷೆಗೆ ಜೋಡಿಸುವುದನ್ನು ಹಳ್ಳಿಯ ಸಂಕೇತಸಂಖ್ಯೆಯಿಂದಲೇ ಮಾಡಬೇಕು. ಹೆಸರಿನಿಂದ ಮಾಡಿದರೆ ಕೆಟ್ಟಿತು: ನಮ್ಮ ಕಡೆ ಒಂದೇ ಹೆಸರಿನ ಮುಂದೆ (ಬಿ), (ಕೆ) ಅಂತ ಬರೆದ ಜೋಡಿ ಊರುಗಳು ಬೇಕಾದಷ್ಟಿವೆ, ಅಂದಾಜು ಹೊಂದಿಕೆಯ ಉಪಕರಣ ಅವೆರಡನ್ನೂ ಒಂದೇ ಮಾಡಿಬಿಡುತ್ತದೆ. ಸಂಕೇತದ ಕಾಲಮ್ಮನ್ನು ಎಕ್ಸೆಲ್‌ನಲ್ಲಿ ಪಠ್ಯವಾಗಿಯೇ ಇಡಿ, ಇಲ್ಲವಾದರೆ ಸಂಖ್ಯೆಯ ಮೊದಲಿಗೆ ಸೊನ್ನೆ ಇದ್ದರೆ ಅದು ಹಾರಿಹೋಗುತ್ತದೆ. 2001ರ ಜೊತೆ ಹೋಲಿಸುವವರಿಗೆ ಇನ್ನೊಂದು ತೊಡಕು, ಆಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ.

ತಾಂಡಾಗಳದ್ದು ಇನ್ನೂ ದೊಡ್ಡ ಕಥೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟಾಗ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರಗಳ ಸುಮಾರು 1475 ದಾಖಲೆರಹಿತ ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಹಳೆಯ ನಕ್ಷೆಯಲ್ಲಿ ಇವೆಲ್ಲ ಮೂಲ ಹಳ್ಳಿಯ ಹೊಟ್ಟೆಯೊಳಗೆ ಅಡಗಿವೆ. ಹಳ್ಳಿಪಟ್ಟಿಯಿಂದ ಮಾದರಿ ಆರಿಸಿದರೆ ಸಿಬ್ಬಂದಿ ಊರೊಳಗೇ ಸುತ್ತಿ ಬರುತ್ತಾರೆ, ತಾಂಡಾ ಮಾದರಿಯಿಂದ ಹೊರಗೆ ಉಳಿಯುತ್ತದೆ.

ಹಾಗಂತ ಕ್ಯೂಜಿಐಎಸ್‌ನ ‘ಬಹುಭುಜದೊಳಗೆ ಯಾದೃಚ್ಛಿಕ ಬಿಂದುಗಳು’ ಉಪಕರಣ ಓಡಿಸಿ ಹತ್ತಿರದ ಮನೆಗೆ ಹೋಗಿ ಅಂದರೂ ಸರಿಯಾಗದು. ಹಳ್ಳಿಯ ಗಡಿಯೊಳಗೆ ಬಹುಪಾಲು ತೊಗರಿ ಹೊಲ. ಬಿಂದುಗಳು ಹೊಲದಲ್ಲಿ ಬೀಳುತ್ತವೆ, ತೋಟದ ಒಂಟಿಮನೆಗಳಿಗೆ ಪಾಲು ಹೆಚ್ಚಾಗುತ್ತದೆ. ಉಪಗ್ರಹ ಚಿತ್ರದಿಂದ ತೆಗೆದ ಕಟ್ಟಡಗಳ ಪದರ, ಉದಾಹರಣೆಗೆ ಗೂಗಲ್ ಓಪನ್ ಬಿಲ್ಡಿಂಗ್ಸ್, ಹಾಕಿಕೊಂಡು ಅದರಿಂದ ಆರಿಸುವುದು ಒಳ್ಳೆಯದು. ಅಲ್ಲೂ ಕೊಟ್ಟಿಗೆ, ಗುಡಿ, ಶೆಡ್ಡು ಸೇರಿರುತ್ತವೆ. ಗೋಡೆಗೆ ಗೋಡೆ ಹತ್ತಿದ ನಾಲ್ಕು ಮನೆ ಒಂದೇ ಕಟ್ಟಡವಾಗಿ ಕಾಣುತ್ತವೆ. ಅದಕ್ಕೆ ‘ಈ ಕಟ್ಟಡದಲ್ಲಿ ಎಷ್ಟು ಒಲೆ’ ಎಂಬ ಪ್ರಶ್ನೆ ಇಟ್ಟು, ತೂಕದ ಲೆಕ್ಕಕ್ಕೆ (ಆರಿಸಿದ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಎಂಬುದಕ್ಕೆ) ಬಳಸಿ.

ಕ್ಯೂಜಿಐಎಸ್‌ನಲ್ಲಿ ಹೊಸಬರನ್ನು ಕಾಡುವುದು ಪ್ರಕ್ಷೇಪಣೆ, ಅಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆ. ಫೋನಿನ ದತ್ತಾಂಶ ಬರುವುದು ಡಿಗ್ರಿಗಳಲ್ಲಿ, ಕ್ಯೂಜಿಐಎಸ್‌ನಲ್ಲಿ ಅದರ ಸಂಕೇತ ಇಪಿಎಸ್‌ಜಿ 4326. ಅದರ ಮೇಲೆ ನೇರವಾಗಿ 500ರ ಬಫರ್ (ಬಿಂದುವಿನ ಸುತ್ತಲ ವೃತ್ತ) ಹಾಕಿದರೆ ಅದು 500 ಮೀಟರ್ ಅಲ್ಲ, 500 ಡಿಗ್ರಿ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳು ಮೀಟರಿನಲ್ಲಿ ಅಳೆಯುವ ಯುಟಿಎಂ ಪ್ರಕ್ಷೇಪಣೆಯ 43 ಉತ್ತರ ವಲಯದೊಳಗೇ ಇರುವುದು ನಮ್ಮ ಪುಣ್ಯ. ಅದರ ಸಂಕೇತವಾದ ಇಪಿಎಸ್‌ಜಿ 32643ಕ್ಕೆ ಬದಲಿಸಿ ಆಮೇಲೆ ಅಳೆಯಿರಿ. ಸಿಎಸ್‌ವಿ ತೆರೆಯುವಾಗ ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಕಲಬುರಗಿಯ ಮನೆಗಳು ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ಹತ್ತಿರ ಹೋಗಿ ಕೂರುತ್ತವೆ. ಈ ತಪ್ಪು ಕಣ್ಣಿಗೆ ಬೀಳುವುದರಿಂದ ಚಿಂತೆಯಿಲ್ಲ. ಭೀಮಾ ದಡದ ಅಫಜಲಪುರ, ಜೇವರ್ಗಿ ಊರುಗಳಲ್ಲಿ ಆಸ್ಪತ್ರೆಗಿರುವ ನೇರ ದೂರ ಕೊಡುವ ಮೋಸ ಕಣ್ಣಿಗೆ ಬೀಳದು: ನಕ್ಷೆಯಲ್ಲಿ ಆಚೆ ದಡ ಹತ್ತಿರ, ಸೇತುವೆ ದೂರ. ರಸ್ತೆ ಜಾಲದ ಮೇಲೆ ದೂರ ತೆಗೆಯುವ ಉಪಕರಣ ಕ್ಯೂಜಿಐಎಸ್‌ನಲ್ಲೇ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಿಟ್ಟುಹೋದ ಹಳ್ಳಿ ರಸ್ತೆಗಳನ್ನು ಮೊದಲು ನೀವೇ ಎಳೆಯಬೇಕಾಗುತ್ತದೆ, ಅಷ್ಟೇ.

ನಕ್ಷೆಯ ಕಡತವನ್ನು ಶೇಪ್‌ಫೈಲ್ ಎಂಬ ಹಳೆಯ ಮಾದರಿ ಬಿಟ್ಟು ಜಿಯೋಪ್ಯಾಕೇಜ್ ಮಾದರಿಯಲ್ಲಿ ಉಳಿಸಿ. ಶೇಪ್‌ಫೈಲ್ ಕಾಲಮ್ಮಿನ ಹೆಸರನ್ನು 10 ಅಕ್ಷರಕ್ಕೆ ಕತ್ತರಿಸುವುದರಿಂದ, ಕೋಬೋ ಕೊಡುವ ಉದ್ದ ಹೆಸರುಗಳಲ್ಲಿ ಅಕ್ಷಾಂಶ ಯಾವುದು, ರೇಖಾಂಶ ಯಾವುದು ಗೊತ್ತಾಗದೆ ಹೋಗುತ್ತದೆ. ಪಠ್ಯಕ್ಕೆ 254 ಬೈಟ್ ಮಿತಿ ಬೇರೆ. ಯೂನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತ ಚಿಹ್ನೆಗೂ 3 ಬೈಟ್ ಬೇಕು, ಉತ್ತರಗಳು ಅರ್ಧಕ್ಕೇ ತುಂಡಾಗುತ್ತವೆ. ಹಳೆಯ ನುಡಿ ಫಾಂಟಿನ ಪಟ್ಟಿಗಳನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ.

ದತ್ತಾಂಶ ಹಂಚುವಾಗ ಬಿಂದುಗಳನ್ನು ಹಾಗೇ ಕೊಡಬೇಡಿ. ಹಲವು ದೇಶಗಳಲ್ಲಿ ನಡೆದ ಡಿಎಚ್‌ಎಸ್ (ಜನಸಂಖ್ಯೆ ಮತ್ತು ಆರೋಗ್ಯ) ಸಮೀಕ್ಷೆಗಳಲ್ಲಿ ನಗರದ ಗುಚ್ಛಗಳನ್ನು (ಒಟ್ಟಿಗೆ ಆರಿಸಿದ ಮನೆಗಳ ಗುಂಪುಗಳ ಬಿಂದುಗಳನ್ನು) 2 ಕಿ.ಮೀ.ವರೆಗೆ, ಗ್ರಾಮೀಣ ಗುಚ್ಛಗಳನ್ನು 5 ಕಿ.ಮೀ.ವರೆಗೆ, ಅವುಗಳಲ್ಲಿ ಶೇ 1ರಷ್ಟನ್ನು 10 ಕಿ.ಮೀ.ವರೆಗೆ ಬೇಕೆಂದೇ ಸರಿಸುತ್ತಾರೆ. ಮೂರು ದಶಮಾಂಶಕ್ಕೆ ಮೊಟಕುಗೊಳಿಸಿದರೆ ಸಿಗುವ ಮರೆ ಸುಮಾರು 110 ಮೀಟರ್ ಮಾತ್ರ. ಹೊಲದ ನಡುವಿನ ಸಣ್ಣ ತಾಂಡಾಕ್ಕೆ ಅದು ಏನೇನೂ ಸಾಲದು, ಅಲ್ಲಿಯದನ್ನು ತಾಲ್ಲೂಕು ಮಟ್ಟಕ್ಕೆ ಏರಿಸಿಯೇ ಕೊಡಿ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರ ‘ಬೀಗ ಹಾಕಿದ ಮನೆ’ ಕಾಲಮ್ ವಲಸೆಯ ಅಧ್ಯಯನಕ್ಕೆ ಚಿನ್ನದಂಥದು. ಅದೇ ಬಿಂದುಗಳ ಸಮೇತ ಹೊರಬಿದ್ದರೆ ಕಳ್ಳರಿಗೆ ಸಿದ್ಧ ನಕ್ಷೆ. ಸಿಬ್ಬಂದಿಯ ಫೋನುಗಳಿಂದಲೂ ಅಪ್‌ಲೋಡ್ ಆದ ತಕ್ಷಣ ಅಳಿಸಿಹಾಕುವ ಸೆಟ್ಟಿಂಗ್ ಹಾಕಿ.