ರೈಫಲ್‌ಗೆ ಅಗ್ಗದ ಮರೆವೇಷ ತೊಡಿಸಲು ಹೋಗಿ ನಾನು ಕೆಡಿಸಿಕೊಂಡದ್ದು

ಬಟ್ಟೆಯ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದಾಗ ಅದರ ಅಂಟಿನ ಬದಿಗೆ ಕಿತ್ತಳೆ ಬಣ್ಣದ ಪುಡಿ ಹತ್ತಿಕೊಂಡು ಬಂದಿತು. ಟೇಪೇ ಬಣ್ಣ ಬಿಟ್ಟಿರಬೇಕು ಎಂದುಕೊಂಡೆ. ಇನ್ನೆರಡು ಸುತ್ತು ಬಿಚ್ಚಿದ ಮೇಲೆ ಬ್ಯಾರೆಲ್‌ನ ಮೈ ಕಾಣಿಸಿತು. ಕೊಂಡಾಗ ಕನ್ನಡಿಯಂತಿದ್ದ ನೀಲಿಗಪ್ಪು ಉಕ್ಕಿನ ಮೇಲೆ, ಟೇಪಿನ ಒಂದೊಂದು ಸುತ್ತಿನ ಅಂಚು ಎಲ್ಲೆಲ್ಲಿ ಕುಳಿತಿತ್ತೋ ಅಲ್ಲೆಲ್ಲ, ತಿರುಪಿನ ಸುತ್ತುಗಳಂತೆ ಓರೆಯಾಗಿ ತುಕ್ಕಿನ ಗೆರೆಗಳು ಎದ್ದಿದ್ದವು. ಉಗುರನ್ನು ಅಡ್ಡಲಾಗಿ ಎಳೆದರೆ ಪ್ರತಿ ಗೆರೆಯಲ್ಲೂ ಅದು ಸಿಕ್ಕಿಕೊಳ್ಳುತ್ತಿತ್ತು. ಅಂದರೆ ತುಕ್ಕು ಮೇಲ್ಮೈಯಲ್ಲಿ ನಿಂತಿರಲಿಲ್ಲ, ಉಕ್ಕನ್ನು ತಿಂದು ಒಳಗಿಳಿದಿತ್ತು.

ಬೇಟೆಗೆ ಬಳಸುವ ರೈಫಲ್‌ನ ಹೊಳಪನ್ನು ಮರೆಸಲು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಏನಾದರೂ ಮಾಡಿಕೊಳ್ಳಬೇಕೆಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟೇಪು, ಡಬ್ಬಿಯ ಸ್ಪ್ರೇ ಬಣ್ಣ, ಗೋಣಿಯ ನಾರು, ಈ ಮೂರನ್ನೂ ನಾನು ಎರಡು ಋತುಗಳಲ್ಲಿ ಒಂದೇ ರೈಫಲ್‌ನ ಮೇಲೆ ಪ್ರಯೋಗಿಸಿದೆ. ಮೂರೂ ತಮ್ಮ ತಮ್ಮ ರೀತಿಯಲ್ಲಿ ಕೈಕೊಟ್ಟವು. ಸಾಮಗ್ರಿ ಅಗ್ಗವಾದದ್ದರಿಂದ ಹೀಗಾಯಿತೆಂದು ನಾನು ಹೇಳುವುದಿಲ್ಲ. ಸುಲಭವಾಗಿ ಬಿಚ್ಚಲಾಗದ್ದನ್ನು, ಕೆಳಗೆ ಏನು ನಡೆಯುತ್ತಿದೆಯೆಂದು ನೋಡಲಾಗದ ಹಾಗೆ ಅಂಟಿಸಿದ್ದೇ ನನ್ನ ತಪ್ಪು.

ಮೊದಲಿಗೆ, ಇಷ್ಟೆಲ್ಲ ಮಾಡುವ ಅಗತ್ಯವೇ ಇರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಎಲೆಯ ಆಕಾರ ಹೇಗಿರಬೇಕು, ಕಂದು ಎಷ್ಟು, ಹಸಿರು ಎಷ್ಟು ಎಂದು ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೆ. ಆದರೆ ಜಿಂಕೆಯ ಜಾತಿಯ ಪ್ರಾಣಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಜೀವಕೋಶಗಳು ಎರಡೇ ಬಗೆಯವು; ನಮ್ಮಲ್ಲಿ ಮೂರು. ನೀಲಿಯನ್ನು ಅವು ಚೆನ್ನಾಗಿ ಕಾಣುತ್ತವೆ, ಕೆಂಪು, ಕಿತ್ತಳೆ, ಹಸಿರುಗಳ ನಡುವಿನ ವ್ಯತ್ಯಾಸ ಅವಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ನಾನು ತಲೆ ಕೆಡಿಸಿಕೊಂಡು ಆರಿಸಿದ ಬಣ್ಣಗಳು ಅವುಗಳ ಪಾಲಿಗೆ ಹೆಚ್ಚುಕಡಿಮೆ ಒಂದೇ. ಹಕ್ಕಿಗಳ ವಿಷಯ ಬೇರೆ, ಅವುಗಳ ಬಣ್ಣದ ದೃಷ್ಟಿ ನಮ್ಮದಕ್ಕಿಂತ ಹರಿತ. ಆದರೂ ಎರಡು ಬಗೆಯ ಕಣ್ಣಿಗೂ ಮೊದಲು ಬೀಳುವುದು ಚಲನೆ. ಆಮೇಲೆ ಬ್ಯಾರೆಲ್ ಮೇಲೆ ಮಿಂಚುವ ಬಿಸಿಲು, ಮತ್ತು ಕಾಡಿನಲ್ಲಿ ಬೇರೆಲ್ಲೂ ಕಾಣಸಿಗದ ಆ ನೀಟಾದ, ಉದ್ದನೆಯ ಕಪ್ಪು ಗೆರೆ. ಹೊಳಪನ್ನು ಕೊಂದು, ಗೆರೆಯನ್ನು ಎರಡು ಕಡೆ ತುಂಡರಿಸಿದರೆ ಕೆಲಸ ಮುಗಿಯಿತು. ಉಳಿದದ್ದು ನಮ್ಮ ಕಣ್ಣಿನ ಖುಷಿಗೆ.

ಟೇಪಿನ ಕಥೆಗೆ ಬರುತ್ತೇನೆ. ಬ್ಲೂಯಿಂಗ್ ಎಂದು ಕರೆಯುವ ಆ ನೀಲಿಗಪ್ಪು ಲೇಪವು ಬಣ್ಣವಲ್ಲ. ಉಕ್ಕಿನ ಮೇಲ್ಮೈಯನ್ನೇ ರಾಸಾಯನಿಕವಾಗಿ ಬದಲಿಸಿ ಮಾಡಿದ, ಮೈಕ್ರಾನ್‌ಗಳಲ್ಲಿ ಅಳೆಯಬೇಕಾದಷ್ಟು ತೆಳ್ಳಗಿನ ಕಬ್ಬಿಣದ ಆಕ್ಸೈಡ್ ಪದರ. ಅದೊಂದೇ ನೀರನ್ನು ತಡೆಯಲಾರದು. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ, ಆ ಎಣ್ಣೆಯೇ ತುಕ್ಕನ್ನು ದೂರವಿಡುವುದು. ನಾನೋ, ಟೇಪು ಚೆನ್ನಾಗಿ ಹಿಡಿಯಲೆಂದು ಬ್ಯಾರೆಲ್‌ನ ಎಣ್ಣೆಯನ್ನೆಲ್ಲ ಸ್ಪಿರಿಟ್ ಹಚ್ಚಿ ಒರೆಸಿ ತೆಗೆದಿದ್ದೆ! ಅದರ ಮೇಲೆ ಬಟ್ಟೆಯ ಟೇಪನ್ನು ಬಿಗಿಯಾಗಿ ಸುತ್ತಿದೆ. ಬೆಳಗಿನ ಇಬ್ಬನಿ, ಜಡಿಮಳೆ, ಅಂಗೈಯ ಉಪ್ಪು ಬೆವರು, ಎಲ್ಲವನ್ನೂ ಆ ಬಟ್ಟೆ ಅಂಚುಗಳಿಂದ ಬತ್ತಿಯಂತೆ ಒಳಕ್ಕೆಳೆದುಕೊಂಡಿತು; ಹೊರಹೋಗಲು ಮಾತ್ರ ದಾರಿಯಿರಲಿಲ್ಲ. ಹೊರಗಿನ ಚಳಿಯಿಂದ ಬೆಚ್ಚಗಿನ ಮನೆಯೊಳಕ್ಕೆ ತಂದಾಗ ತಣ್ಣನೆಯ ಉಕ್ಕಿನ ಮೇಲೆ ಕೂರುವ ಪಸೆಯೂ ಇದಕ್ಕೆ ಸೇರಿತು. ಮಳೆಯಲ್ಲಿ ನೆನೆದ ಒಂದು ದಿನ ಟೇಪಿನ ಮೇಲ್ಭಾಗವನ್ನು ಟವೆಲ್ಲಿನಿಂದ ಒತ್ತಿ ಒರೆಸಿ, ಜೋಪಾನವಾಗಿ ಸ್ಪಂಜಿನ ಒಳಪದರವಿರುವ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದು ನೆನಪಿದೆ. ಅದಾಗಿ ನಾಲ್ಕು ತಿಂಗಳ ಮೇಲೆ ನಾನು ಟೇಪು ಬಿಚ್ಚಿದ್ದು.

ಬಿಚ್ಚಿದ ಮೇಲಿನ ಕೆಲಸವೂ ಸಣ್ಣದಾಗಿರಲಿಲ್ಲ. ಅಂಟು ಜಿಗುಟು ಜಿಗುಟಾಗಿ ಉಳಿದಿತ್ತು. ಅದನ್ನು ತೆಗೆಯಲು ಅಸಿಟೋನ್ ಹಚ್ಚಿದಾಗ ಬ್ಯಾರೆಲ್ ಮೇಲೆ ಕೆಲಸವೇನೋ ಆಯಿತು, ಆದರೆ ಕೆಳಗಿನ ಸ್ಟಾಕ್, ಅಂದರೆ ಬ್ಯಾರೆಲ್ಲನ್ನು ಹೊತ್ತ ಮರದ ಹಿಡಿಯ ಮೇಲೆ ನಾಲ್ಕು ಹನಿ ಬಿದ್ದ ಕಡೆಯಲ್ಲಿ ವಾರ್ನಿಷ್ ಮಬ್ಬಾಗಿ ಸುಕ್ಕುಗಟ್ಟಿತು. ಅತಿ ನುಣುಪಾದ ಸ್ಟೀಲ್ ವೂಲ್‌ಗೆ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದಾಗ ಮೇಲಿನ ತುಕ್ಕು ಹೋಯಿತು, ಗುಳಿಗಳು ಉಳಿದವು. ತಮ್ಮದು ಸ್ಟೇನ್‌ಲೆಸ್ ಉಕ್ಕಿನದು, ಚಿಂತೆಯಿಲ್ಲ ಎನ್ನುವವರು ಇರಬಹುದು. ಗಾಳಿಯಾಡದ ಸಂದಿಯಲ್ಲಿ ಉಪ್ಪಿನ ತೇವ ನಿಂತರೆ ಅದಕ್ಕೂ ತುಕ್ಕು ಹಿಡಿಯುತ್ತದೆ. ಅಂಟಿಲ್ಲದೆ ತನಗೆ ತಾನೇ ಕಚ್ಚಿಕೊಳ್ಳುವ, ಗಾಯಕ್ಕೆ ಸುತ್ತುವ ಬ್ಯಾಂಡೇಜಿನಂಥ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಅದೂ ನೀರು ಕುಡಿಯುತ್ತದೆ, ಆದರೆ ಅದೇ ಸಂಜೆ ಬಿಚ್ಚಿ ಒಣಗಲು ಹಾಕಬಹುದು.

ತುಕ್ಕು ಕಾಣಿಸಿದ್ದು ಕೊನೆಗೆ. ಅದಕ್ಕೂ ಮೊದಲೇ ಅದೇ ಟೇಪು ನನ್ನ ಗುರಿಯನ್ನು ಕೆಡಿಸಿತ್ತು, ನಾನು ಕಾರಣವನ್ನು ಬೇರೆಲ್ಲೋ ಹುಡುಕುತ್ತಿದ್ದೆ. ನನ್ನ ರೈಫಲ್‌ನಲ್ಲಿ ಬ್ಯಾರೆಲ್ ಸ್ಟಾಕ್‌ನ ಮುಂಭಾಗವನ್ನು ಎಲ್ಲೂ ಮುಟ್ಟದೆ ತೇಲುವಂತೆ ಕೂರಿಸಲಾಗಿದೆ. ಗುಂಡು ಹಾರುವಾಗ ಬ್ಯಾರೆಲ್ ಕಂಪಿಸುತ್ತದೆ. ಪ್ರತಿ ಸಲವೂ ಒಂದೇ ರೀತಿ ಕಂಪಿಸಲಿ ಎಂದೇ ಆ ಸಂದು. ನಾನು ಬ್ಯಾರೆಲ್ಲನ್ನೂ ಸ್ಟಾಕನ್ನೂ ಸೇರಿಸಿ ಟೇಪು ಸುತ್ತಿ ಆ ಸಂದನ್ನೇ ಮುಚ್ಚಿಬಿಟ್ಟಿದ್ದೆ. 100 ಮೀಟರಿನಲ್ಲಿ ಒಂದು ಅಂಗೈಯೊಳಗೆ ಕೂರುತ್ತಿದ್ದ ಗುಂಡುಗಳು ಎಡಕ್ಕೂ ಕೆಳಕ್ಕೂ ಸರಿದವು, ಬ್ಯಾರೆಲ್ ಬಿಸಿಯಾದಂತೆ ಇನ್ನಷ್ಟು ಚದುರಿದವು. ಗುರಿ ನೋಡುವ ಸ್ಕೋಪಿನ ಗುಂಡಿಯನ್ನು ತಿರುಗಿಸಿ ತಿರುಗಿಸಿ ಸರಿಪಡಿಸಲು ನೋಡಿದೆ. ಒಂದು ಮಿನಿಟ್ ಕೋನ, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ, 100 ಮೀಟರಿಗೆ ಸುಮಾರು 2.9 ಸೆಂಟಿಮೀಟರ್, ಮೂರು ಮಿನಿಟ್ ಮೇಲೆತ್ತಿದರೆ ಮರುದಿನ ಮೂರು ಮಿನಿಟ್ ಜಾಸ್ತಿಯಾಗಿರುತ್ತಿತ್ತು. ತೋಟಾಗಳನ್ನು ಬೈದೆ, ಸ್ಕೋಪನ್ನು ಬೈದೆ. ಒಂದು ಕಾಗದದ ಪಟ್ಟಿಯನ್ನು ಬ್ಯಾರೆಲ್‌ಗೂ ಸ್ಟಾಕ್‌ಗೂ ನಡುವೆ ತೂರಿಸಿ ಅದು ಸರಾಗವಾಗಿ ಹಿಂದಕ್ಕೂ ಮುಂದಕ್ಕೂ ಓಡುತ್ತದೆಯೇ ಎಂದು ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಏನನ್ನಾದರೂ ಸುತ್ತುವುದೇ ಆದರೆ ಬ್ಯಾರೆಲ್‌ಗೆ ಬೇರೆ, ಸ್ಟಾಕ್‌ಗೆ ಬೇರೆ ಸುತ್ತಿ, ಸುತ್ತಿದ ಮೇಲೂ ಆ ಕಾಗದ ಓಡಬೇಕು. ಗುರಿಯನ್ನು ಮತ್ತೆ ಕೂರಿಸಿ ನೋಡದೆ ಕಾಡಿಗೆ ಹೋಗಲೇಬಾರದು, ಏಕೆಂದರೆ ಅಲ್ಲಿ ತಪ್ಪಿದ ಗುಂಡು ಗಾಯಗೊಂಡ ಪ್ರಾಣಿಯಾಗಿ ಪೊದೆಯೊಳಗೆ ಹೋಗುತ್ತದೆ.

ಇಷ್ಟಾದ ಮೇಲೂ ನನಗೆ ಬುದ್ಧಿ ಬಂತೆನ್ನುವಂತಿಲ್ಲ. ಮುಂದಿನ ಋತುವಿಗೆ ಮರದ ಸ್ಟಾಕ್ ತೆಗೆದು ಪ್ಲಾಸ್ಟಿಕ್ಕಿನದನ್ನು ಹಾಕಿ, ಸ್ಪ್ರೇ ಬಣ್ಣಕ್ಕೆ ಕೈಹಾಕಿದೆ. ಜಿಡ್ಡು ತೆಗೆಯಲು ಕೈಗೆ ಸಿಕ್ಕಿದ್ದು ಹಿಂದಿನ ವರ್ಷದ ಅದೇ ಅಸಿಟೋನ್ ಬಾಟಲಿ. ಅಸಿಟೋನ್ ಹಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಸ್ಟಾಕ್‌ನ ಮೈ ಮೆತ್ತಗಾಗಿ, ಹಿಡಿದಿದ್ದ ನನ್ನ ಹೆಬ್ಬೆರಳಿನ ಗುರುತು ಅದರಲ್ಲಿ ಅಚ್ಚೊತ್ತಿದಂತೆ ಕುಳಿತುಬಿಟ್ಟಿತು. ಪ್ಲಾಸ್ಟಿಕ್ಕಿಗೆ ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಅದನ್ನೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಹಚ್ಚಿ ನೋಡಬೇಕು. ಡಬ್ಬಿಯನ್ನು 25ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ತೆಳುವಾಗಿ ಹಲವು ಸಲ ಹೊಡೆಯಬೇಕಾದ್ದನ್ನು, ನಾನು ಹತ್ತಿರದಿಂದ ಒಂದೇ ಸಲಕ್ಕೆ ದಪ್ಪಗೆ ಹೊಡೆದೆ. ಮುಟ್ಟಿದರೆ ಒಣಗಿದಂತಿದ್ದ ಬಣ್ಣ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇತ್ತು. ಬಟ್ಟೆ ಒಗೆಯುವ ಬಲೆಯ ಚೀಲವನ್ನು ಮೇಲೆ ಹೊದಿಸಿ ಎರಡನೆಯ ಬಣ್ಣ ಹೊಡೆದಾಗ ಮೂಡಿದ ಮಾದರಿ ಮಾತ್ರ, ಹೇಳಲೇಬೇಕು, ಬಹಳ ಚೆನ್ನಾಗಿತ್ತು. ಆದರೆ ಹತ್ತು ಗುಂಡು ಹಾರಿಸಿದೊಡನೆ ಬ್ಯಾರೆಲ್ ಮೇಲಿನ ಬಣ್ಣ ಮೆತ್ತಗಾಗಿ ಕೈಗೆ ಹತ್ತಿತು. ಒಳಗಿನ ಮಸಿ ತೆಗೆಯುವ ದ್ರಾವಣ ತೋಟಾ ಕೂರುವ ಚೇಂಬರಿನ ಸುತ್ತ ಸೋರಿದ ಕಡೆಯೆಲ್ಲ ಬಣ್ಣ ಸಿಪ್ಪೆಯಾಗಿ ಎದ್ದಿತು.

ಇವೆಲ್ಲ ಅಂದದ ನಷ್ಟಗಳು. ಮುಂದಿನ ಎರಡು ಹಾಗಲ್ಲ.

ಟ್ರಿಗರ್ ಮತ್ತು ಗುಂಡು ತಪ್ಪಿ ಹಾರದಂತೆ ತಡೆಯುವ ಸೇಫ್ಟಿಯ ಭಾಗಕ್ಕೆ ಮಾಸ್ಕಿಂಗ್ ಟೇಪು ಹಚ್ಚಿದ್ದೆ, ಆದರೆ ಅಂಚನ್ನು ಒತ್ತಿರಲಿಲ್ಲ. ಬಣ್ಣದ ಮಂಜು ಕೆಳಗೆ ನುಗ್ಗಿ ಸೇಫ್ಟಿಯ ಸಂದಿಯಲ್ಲಿ ಕುಳಿತು ಗಟ್ಟಿಯಾಯಿತು. ಆಮೇಲೆ ಸೇಫ್ಟಿಯ ಗುಂಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಡುವೆ ನಿಲ್ಲತೊಡಗಿತು. ಗುಂಡು ಹಾರಲು ಸಿದ್ಧವಾಗಿದೆ ಎಂದು ತೋರಿಸುವ ಆ ಕೆಂಪು ಚುಕ್ಕೆಯೂ ಕಂದು ಬಣ್ಣದ ಕೆಳಗೆ ಮುಚ್ಚಿಹೋಗಿತ್ತು. ಖಾಲಿ ರೈಫಲ್ ಎಂದು ಎರಡು ಸಲ ನೋಡಿ ಖಚಿತಪಡಿಸಿಕೊಂಡೇ ಮೇಜಿನ ಮೇಲೆ ಪರೀಕ್ಷಿಸುತ್ತಿದ್ದೆನಾದ್ದರಿಂದ ಅನಾಹುತವಾಗಲಿಲ್ಲ. ರೈಫಲ್‌ನ ಟ್ರಿಗರ್, ಸೇಫ್ಟಿಗಳ ಹತ್ತಿರ ಬಣ್ಣ ಸುಳಿಯುವುದೇ ಬೇಡ.

ಎರಡನೆಯದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬ್ಯಾರೆಲ್‌ನ ಬಾಯಿಯೊಳಗೆ ಬಣ್ಣ ಹೋಗದಿರಲೆಂದು ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆಯನ್ನು ಹಿಂಡಿ ಒಳಗೆ ತೂರಿಸಿದ್ದೆ. ಅದು ಉಬ್ಬಿ ಅಂಚಿಗೆ ಸಮನಾಗಿ ಕುಳಿತಿತು, ಮೇಲೆ ಬಣ್ಣವೂ ಬಿತ್ತು. ಮರೆವೇಷ ಅಷ್ಟು ಚೆನ್ನಾಗಿ ಆಗಿತ್ತೆಂದರೆ, ಎಂಟು ದಿನದ ಮೇಲೆ ಗುರಿ ಅಭ್ಯಾಸಕ್ಕೆ ಹೊರಟಾಗ ಬಿರಡೆ ನನ್ನ ಕಣ್ಣಿಗೇ ಬೀಳಲಿಲ್ಲ. ಅಲ್ಲಿ ನನಗಿಂತ ಹಿರಿಯರಾದ ಒಬ್ಬರು ಹೊಸ ಬಣ್ಣವನ್ನು ನೋಡಿ ನಕ್ಕು, “ಬೋಲ್ಟ್ ತೆಗೆದು ಒಳಗೆ ಒಮ್ಮೆ ನೋಡಿ” ಎಂದರು. ತೋಟಾಗಳನ್ನು ಪಕ್ಕಕ್ಕಿಟ್ಟು, ಬ್ಯಾರೆಲ್ಲಿನ ಹಿಂಬದಿಯನ್ನು ಮುಚ್ಚುವ ಬೋಲ್ಟ್ ತೆಗೆದು ಹಿಂದಿನಿಂದ ನೋಡಿದೆ.

“ಬೆಳಕು ಕಾಣಿಸುತ್ತಿದೆಯೇ?”

“ಇಲ್ಲ, ಸಾರ್.”

ಅವರು ಮತ್ತೆ ನಗಲಿಲ್ಲ. ಶುಚಿ ಮಾಡುವ ಕಡ್ಡಿಯನ್ನು ಹಿಂದಿನಿಂದ ತೂರಿಸಿ ಬಿರಡೆಯನ್ನು ಹೊರದಬ್ಬಿ ನನ್ನ ಅಂಗೈಯಲ್ಲಿಟ್ಟರು. ಬ್ಯಾರೆಲ್‌ನೊಳಗೆ ಅಡ್ಡವಿರುವ ವಸ್ತು ಎಷ್ಟೇ ಹಗುರವಾಗಿದ್ದರೂ, ಅತಿ ವೇಗದಲ್ಲಿ ಬರುವ ಗುಂಡು ಅದಕ್ಕೆ ತಾಗಿದ ಕಡೆಯಲ್ಲಿ ಒತ್ತಡ ಏರಿ ಉಕ್ಕು ಉಬ್ಬಬಹುದು, ಸೀಳಬಹುದು. ಸೀಳಿದರೆ ಅಲ್ಲಿಂದ ಒಂದು ಮೊಳ ದೂರದಲ್ಲಿರುವುದು ಹಾರಿಸುವವನ ಎಡಗೈ. ಬಾಯಿಗೆ ಮರೆ ಕಟ್ಟುವುದಿದ್ದರೆ ಒಳಗೆ ಏನನ್ನೂ ತೂರಿಸದೆ ಹೊರಗಿನಿಂದ ಮಾಸ್ಕಿಂಗ್ ಟೇಪು ಸುತ್ತಿ, ಅದರ ಬಾಲವನ್ನು ಒಂದು ಗೇಣು ಉದ್ದ ಜೋತುಬಿಡಿ, ಬಿಚ್ಚದೆ ಮರೆಯಲು ಸಾಧ್ಯವಾಗದಂತೆ. ಏನೇ ಮಾಡಿದ್ದರೂ ಮೊದಲ ತೋಟಾ ಹಾಕುವ ಮುನ್ನ ಬೋಲ್ಟ್ ತೆಗೆದು ಬೆಳಕು ನೋಡಿ.

ಗೋಣಿಯ ನಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಗೆ ನಾರು, ಚಿಂದಿಗಳನ್ನು ತೊಟ್ಟು ಆಕಾರ ಮರೆಸುವ ಪದ್ಧತಿಯನ್ನು ಸ್ಕಾಟ್ಲೆಂಡಿನ ಬೇಟೆಕಾವಲುಗಾರರಿಂದ ಬ್ರಿಟಿಷ್ ಸೈನ್ಯಕ್ಕೆ ತಂದವರು 1900ರಲ್ಲಿ ಕಟ್ಟಿದ ಲೊವಾಟ್ ಸ್ಕೌಟ್ಸ್ ದಳದವರು. ಮನುಷ್ಯನ ಮೈಗೆ ಅದು ಸರಿ. ರೈಫಲ್‌ಗೆ ಕಟ್ಟಿದ ಎಳೆಗಳು ಒಮ್ಮೆ ಬೋಲ್ಟ್‌ನೊಳಗೆ ಸಿಕ್ಕಿಕೊಂಡವು, ಒಮ್ಮೆ ಸ್ಕೋಪಿನ ಮುಂದೆ ಜೋತು ಎಲ್ಲವನ್ನೂ ಮಸುಕು ಮಾಡಿದವು. ಒಂದು ಎಳೆ ಟ್ರಿಗರ್ ಗಾರ್ಡಿನೊಳಗೆ ಸುತ್ತಿಕೊಂಡಿದ್ದನ್ನು ನೋಡಿದ ದಿನವೇ ಎಲ್ಲವನ್ನೂ ಕತ್ತರಿಸಿ ಎಸೆದೆ.

ರೈಫಲ್‌ನ ಮೇಲೆ ಕೊರೆದಿರುವ ಕ್ರಮಸಂಖ್ಯೆಯನ್ನು ಬಣ್ಣದಿಂದಾಗಲಿ ಟೇಪಿನಿಂದಾಗಲಿ ಮುಚ್ಚಬೇಡಿ. ಅದನ್ನು ಅಳಿಸುವುದು ಅನೇಕ ದೇಶಗಳಲ್ಲಿ ಅಪರಾಧ. ಓದಲಾಗದ ಸಂಖ್ಯೆಯ ಆಯುಧವನ್ನು ಹಿಡಿದು, ಇದು ಬರೀ ಬಣ್ಣ ಎಂದು ತಪಾಸಣೆಯವರ ಮುಂದೆ ಉಪ್ಪುಕಾಗದದಲ್ಲಿ ತಿಕ್ಕುತ್ತಾ ನಿಲ್ಲುವುದು ಯಾರಿಗೂ ಬೇಡ. ಇನ್ನೊಂದು ಮಾತನ್ನು ಹೇಳಿದರೆ ನಗುತ್ತೀರಿ: ಬಣ್ಣ ಬಳಿದ ಹೊಸದರಲ್ಲಿ, ಖಾಲಿ ಮಾಡಿದ ರೈಫಲ್ಲನ್ನು ಪೊದೆಗೆ ಒರಗಿಸಿ ಹತ್ತು ಹೆಜ್ಜೆ ಹೋಗಿ ಬಂದ ನಾನು, ಅದನ್ನು ಹುಡುಕಲು ಕಾಲು ಗಂಟೆ ಒದ್ದಾಡಿದೆ. ಈಗ ಅದನ್ನು ಹೆಗಲಿಗೆ ಹಾಕಿಕೊಳ್ಳುವ ಪಟ್ಟಿಗೆ ಢಾಳಾದ ಕಿತ್ತಳೆ ಬಣ್ಣದ ಒಂದು ಗಂಟು ಇದೆ. ಜಿಂಕೆಗೆ ಅದು ಅಷ್ಟಾಗಿ ಕಾಣುವುದಿಲ್ಲ, ನನಗೂ ಜೊತೆಗಿರುವವರಿಗೂ ಕಾಣುತ್ತದೆ.

ಈಗ ನಾನು ಬಳಸುವುದು ಒಂದು ಹಳೆಯ, ಬಣ್ಣ ಮಾಸಿದ ಅಂಗಿಯ ತೋಳು. ಅದನ್ನು ಸೀಳಿ, ಅಂಚು ಹೊಲಿದು, ವೆಲ್ಕ್ರೋ ಹಾಕಿಸಿ ಸ್ಟಾಕ್‌ಗೆ ಮಾತ್ರ ತೊಡಿಸುತ್ತೇನೆ. ಸ್ಕೋಪಿನ ಕೊಳವೆಗೆ ಅದೇ ಬಟ್ಟೆಯ ಇನ್ನೊಂದು ತುಂಡು. ಹೊಳಪಿನ ಸೋಪುಪುಡಿಯಲ್ಲಿ ಅದನ್ನು ಒಗೆಯುವುದಿಲ್ಲ, ಬಟ್ಟೆಯನ್ನು ಬೆಳ್ಳಗೆ ತೋರಿಸಲು ಅದರಲ್ಲಿ ಸೇರಿಸುವ ವಸ್ತು ನೀಲಿ ಬೆಳಕನ್ನು ಹೊಮ್ಮಿಸುತ್ತದೆ, ಜಿಂಕೆಗೆ ಚೆನ್ನಾಗಿ ಕಾಣುವ ಬಣ್ಣವೇ ಅದು. ಬ್ಯಾರೆಲ್ ಬರಿಮೈಯಲ್ಲೇ ಇರುತ್ತದೆ. ಸಂಜೆ ಎಲ್ಲವನ್ನೂ ಬಿಚ್ಚಿ ಒಣಗಿಸಿ, ಉಕ್ಕಿಗೆ ಎಣ್ಣೆ ಸವರಿ ಇಡುತ್ತೇನೆ.

ಬ್ಯಾರೆಲ್ಲಿಗೆ ಮತ್ತೆ ಬ್ಲೂಯಿಂಗ್ ಮಾಡಿಸಬಹುದೇ ಎಂದು ಕೋವಿ ರಿಪೇರಿ ಮಾಡುವವರನ್ನು ಕೇಳಿದ್ದೆ. ಗುಳಿಗಳು ಹೋಗುವಷ್ಟು ಉಜ್ಜಬೇಕಾಗುತ್ತದೆ, ಅಷ್ಟು ಉಜ್ಜಿದರೆ ಬ್ಯಾರೆಲ್ ಮೇಲೆ ಕೊರೆದ ಅಕ್ಷರಗಳೂ ಸವೆದುಹೋಗುತ್ತವೆ ಎಂದರು. ಹಾಗಾಗಿ ಅದು ಇದ್ದಂತೆಯೇ ಇದೆ. ಎಣ್ಣೆಯ ಬಟ್ಟೆ ಆ ಓರೆ ಗೆರೆಗಳ ಮೇಲೆ ಹಾದುಹೋಗುವಾಗ ಒಂದೊಂದರಲ್ಲೂ ಸ್ವಲ್ಪ ತೊಡರುತ್ತದೆ.