ಕಲ್‌ಕಲ್ಲಾ, ರಮ್ ಬಾಲಾ, ಮಿನಿ ಕೇಕಾ? ಕ್ರಿಸ್ಮಸ್ ಪಾರ್ಟಿಗೆ ಎಲ್ಲಾ ಮಾಡಿ ನೋಡ್ದೆ

ತಪ್ಪು ನಂದೇ ಬಿಡಿ. ನಮ್ಮನೆಯವರ ಫ್ರೆಂಡ್ ಒಬ್ರದು ಮೂಡಿಗೆರೆ ರೋಡಲ್ಲಿ ತೋಟ ಇದೆ, ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ ಅಲ್ಲೇ ಪಾರ್ಟಿ ಅಂತ ಆಯ್ತು, 40 ಜನ, ಊಟ ಅವ್ರದ್ದು, ಸಿಹಿ ಯಾರು ತರ್ತೀರಾ ಅಂತ ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರು, ಯಾರೂ ಉಸಿರೆತ್ತಲಿಲ್ಲ, ನಾನು ‘ನಾನ್ ತರ್ತೀನಿ’ ಅಂದ್ಬಿಟ್ಟೆ. ಆಮೇಲೆ ಒಂದೊಂದೇ ಕಂಡೀಷನ್ ಬಂತು. ಅಂಗಳದಲ್ಲಿ ಬೆಂಕಿ ಹಾಕಿ ಸುತ್ತ ನಿಂತ್ಕೊಂಡು ಮಾತಾಡೋ ಪಾರ್ಟಿ, ತಟ್ಟೆ ಚಮಚ ಇರಲ್ಲ, ಒಂದು ಕೈಯಲ್ಲಿ ಲೋಟ ಇರುತ್ತೆ, ಅದಕ್ಕೆ ಇನ್ನೊಂದು ಕೈಯಲ್ಲಿ ತಗೊಂಡು ಒಂದೇ ತುತ್ತಿಗೆ ಬಾಯಿಗೆ ಹಾಕೋ ಹಂಗಿರ್ಬೇಕು. ಮೊಟ್ಟೆ ತಿನ್ನದೇ ಇರೋರು ಹತ್ತು ಹನ್ನೆರಡು ಜನ. ಮಕ್ಕಳು ಏಳೆಂಟು.

ನಮ್ಮ ಪಕ್ಕದ್ಮನೆ ಆಂಟಿ ಮಂಗಳೂರು ಕಡೆಯ ಕ್ಯಾಥೊಲಿಕ್ಸು, ಪ್ರತಿ ವರ್ಷ ಕ್ರಿಸ್ಮಸ್ ದಿನ ಬೆಳಿಗ್ಗೆ ನಮ್ಮನೆಗೆ ಒಂದು ತಟ್ಟೆ ಕುಸ್ವಾರ್ ಕಳಿಸ್ತಾರೆ. ಕುಸ್ವಾರ್ ಅಂದ್ರೆ ಒಂದೇ ತಿಂಡಿ ಅಲ್ಲ, ಕ್ರಿಸ್ಮಸ್‌ಗೆ ಅವ್ರು ಮಾಡೋ ತಿಂಡಿಗಳ ಇಡೀ ಸೆಟ್ಟು, ಕಲ್‌ಕಲ್ (ಮೈದಾ ಸುರುಳಿ ಕರಿದು ಪಾಕದಲ್ಲಿ ಹೊರಳಿಸಿದ್ದು), ರೋಸ್ ಕುಕ್ಕೀಸ್ (ಹೂವಿನ ಅಚ್ಚಲ್ಲಿ ಕರಿದಿದ್ದು), ನೆವ್ರಿ (ನಮ್ ಕರ್ಜಿಕಾಯಿ ಥರದ್ದು), ಎಳ್ಳುಂಡೆ, ಪ್ಲಮ್ ಕೇಕ್, ಹಿಂಗೆ. ಅದನ್ನ ತಿಂದೂ ತಿಂದೂ ನಂಗೂ ಬರುತ್ತೆ ಅನ್ನೋ ಭ್ರಮೆ ಬಂದಿತ್ತು. ಹಂಗಾಗಿ ಅದ್ರಿಂದ ಮೂರು, ಬೇಕರಿ ಕಡೆಯಿಂದ ರಮ್ ಬಾಲ್ ಒಂದು, ಒಟ್ಟು ನಾಲ್ಕು ಟ್ರೈ ಮಾಡೋಣ, ಯಾವ್ದು ಚೆನ್ನಾಗಿ ಬರುತ್ತೋ ಅದನ್ನ ತಗೊಂಡೋಗೋಣ ಅಂತ ಡಿಸೆಂಬರ್ ಮೊದಲ್ನೇ ವಾರದಿಂದ್ಲೇ ಶುರು ಹಚ್ಕೊಂಡೆ.

ಮೊದ್ಲು ಸೋತಿದ್ದು ರೋಸ್ ಕುಕ್ಕೀಸ್. ನೋಡೋಕೆ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ, ಮಾಡೋಕೂ ಅಷ್ಟೇನ್ ಕಷ್ಟ ಇಲ್ಲ. ಅಕ್ಕಿಹಿಟ್ಟು, ಮೈದಾ, ತೆಂಗಿನ ಹಾಲು, ಸಕ್ಕರೆ, ಮೊಟ್ಟೆ, ಒಂಚೂರು ಕರಿ ಎಳ್ಳು, ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಕಲಸಿ, ಅಚ್ಚನ್ನ ಕಾದ ಎಣ್ಣೆಯಲ್ಲಿ ಬಿಸಿ ಮಾಡಿ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ಬೇಕು. ಪೂರ್ತಿ ಮುಳುಗಿಸಿದ್ರೆ ಹಿಟ್ಟು ಅಚ್ಚಿನ ಮೇಲೂ ಹತ್ತಿ ಬಿಡೋದೇ ಇಲ್ಲ, ಮೊದಲ್ನೇ ಐದನ್ನ ನಾನು ಹಂಗೇ ಕಡ್ಡಿಯಲ್ಲಿ ಕೆರೆದು ತೆಗೆದಿದ್ದು. ಹೊಸ ಅಚ್ಚಾದ್ರೆ ಹಿಂದಿನ ರಾತ್ರಿನೇ ಎಣ್ಣೆಯಲ್ಲಿ ಹಾಕಿಡ್ಬೇಕಂತೆ, ಅದನ್ನ ಆಂಟಿ ಎಲ್ಲಾ ಆದ್ಮೇಲೆ ಹೇಳಿದ್ರು. ಮೊಟ್ಟೆ ಬಿಟ್ಟು ಕಾರ್ನ್‌ಫ್ಲೋರ್ ಹಾಕಿನೂ ನೋಡ್ದೆ, ಬಂತು, ಆದ್ರೆ ಆ ಗರಿ ಇಲ್ಲ. ಇದ್ರ ಅಸಲಿ ಪ್ರಾಬ್ಲಮ್ ಮಾತ್ರ ಬೇರೆ. ಒಂದು ತುತ್ತಿಗೆ ಬಾಯಲ್ಲಿ ಹಿಡಿಸಲ್ಲ, ಕಚ್ಚಿದ್ರೆ ಅರ್ಧ ಪುಡಿಯಾಗಿ ಸ್ವೆಟರ್ ಮೇಲೆ. ಅದೂ ಅಲ್ದೆ ನಮ್ಮೂರಿನ ಇಬ್ಬನಿಗೆ ರಾತ್ರಿ ತಟ್ಟೆಯಲ್ಲಿ ತೆರೆದಿಟ್ರೆ ಬೆಳಿಗ್ಗೆಗೆ ಥಂಡಿ ಹಿಡಿದ ಹಪ್ಪಳದ ಹಂಗೆ ಮೆತ್ತಗಾಗಿರುತ್ತೆ. ಬಯಲಲ್ಲಿ ಮಾಡೋ ಪಾರ್ಟಿಗೆ ಆಗೋದಲ್ಲ. ಬಿಟ್ಟೆ.

ಮಿನಿ ಪ್ಲಮ್ ಕೇಕ್ ಮೇಲೆ ನಂಗೆ ತುಂಬಾ ನಂಬಿಕೆ ಇತ್ತು. ನಮ್ಮದು ಚಿಕ್ಕ ಓಟಿಜಿ (ಮೇಜಿನ ಮೇಲಿಡೋ ಕರೆಂಟ್ ಓವನ್), ಅದ್ರಲ್ಲಿ 12 ಗುಳಿಯ ಸಣ್ಣ ಟ್ರೇ ಹಿಡಿಯುತ್ತೆ, ಬಣ್ಣದ ಪೇಪರ್ ಕಪ್ ಹಾಕಿದ್ರೆ ಅಂಗಡಿಯಿಂದ ತಂದಂಗೇ ಕಾಣುತ್ತೆ. ಒಣದ್ರಾಕ್ಷಿ, ಗೋಡಂಬಿ, ಖರ್ಜೂರ, ಟೂಟಿಫ್ರೂಟಿ, ಚೆರ್ರಿ ಎಲ್ಲಾ ಸೇರಿ ಅದಕ್ಕೇ 600 ರೂಪಾಯಿ ಹೋಯ್ತು. (ಈ ಟೂಟಿಫ್ರೂಟಿ ಅನ್ನೋದು ಪರಂಗಿಕಾಯಿ, ಬೇಕರಿ ಚೆರ್ರಿ ಅಂತ ಸಿಗೋದೂ ಬಹಳಷ್ಟು ಸಲ ನಮ್ ಕಾಡಲ್ಲಿ ಬೇಲಿ ಸಾಲಲ್ಲಿ ಬಿಡೋ ಕವಳಿ ಹಣ್ಣನ್ನ ಪಾಕದಲ್ಲಿ ಹಾಕಿ ಕೆಂಪು ಬಣ್ಣ ಕೊಟ್ಟಿರೋದು, ದುಡ್ಡು ಕೊಡೋವಾಗ ನೆನಪಾದ್ರೆ ಹೊಟ್ಟೆ ಉರಿಯುತ್ತೆ.) ರಮ್ ಬೇಡ ಅಂತ ತೋಟದ ಕಿತ್ತಳೆ ರಸದಲ್ಲೇ ಒಂದು ರಾತ್ರಿ ಫ್ರಿಜ್ಜಲ್ಲಿ ನೆನೆಸಿದ್ದೆ, ಮೊದಲ್ನೇ ಟ್ರಯಲ್ಲೇ ಮಕ್ಕಳು ತಿನ್ನೋ ಹಂಗಿರ್ಲಿ ಅಂತ. ರಮ್ಮಲ್ಲಿ ನೆನೆಸಿದ್ರೆ ಓವನ್‌ಗೆ ಹೋದ್ರೂ ಅದು ಪೂರ್ತಿ ಹಾರಿಹೋಗಲ್ಲ, ಇದು ಗೊತ್ತಿರ್ಲಿ.

ಆದ್ರೆ ಸಣ್ಣ ಕೇಕಿನ ಕರ್ಮ ಏನಪ್ಪಾ ಅಂದ್ರೆ ಬೇಗ ಒಣಗುತ್ತೆ. ದೊಡ್ಡ ಕೇಕ್ ಒಂದು ಗಂಟೆ ಬೇಯುತ್ತೆ, ಇದಕ್ಕೆ 170 ಡಿಗ್ರಿಯಲ್ಲಿ 15 ನಿಮಿಷ ಸಾಕು, ನಾನು ಮೇಲೆ ಬಣ್ಣ ಬರ್ಲಿ ಅಂತ 25 ನಿಮಿಷ ಬಿಟ್ಟೆ, ರಸ್ಕ್ ಆಯ್ತು. ಎರಡನೇ ಬ್ಯಾಚ್ ಸರಿ ಬಂತು, ಬಿಸಿ ಇರೋವಾಗ್ಲೇ ಕಿತ್ತಳೆ ರಸಕ್ಕೆ ಸಕ್ಕರೆ ಹಾಕಿ ಕುದಿಸಿ ಮೇಲೆ ಸವರ್ದೆ, ತುಂಬಾ ಚೆನ್ನಾಗಿತ್ತು. ಮೂರನೇ ಬ್ಯಾಚ್ ಒಳಗಿದ್ದಾಗ ಕರೆಂಟ್ ಹೋಯ್ತು, ಮಧ್ಯ ಕುಸಿದು ಗುಂಡಿ ಬಿದ್ದು ಕೂತ್ಕೊಂಡ್ವು. ಆ ಹನ್ನೆರಡು ವೇಸ್ಟ್ ಆಗ್ಲಿಲ್ಲ, ಅದೇ ರಮ್ ಬಾಲ್ ಆಯ್ತು, ಈಗ ಹೇಳ್ತೀನಿ.

ರಮ್ ಬಾಲ್ ಅನ್ನೋದು ನಿಜ ಹೇಳ್ಬೇಕಂದ್ರೆ ಕೆಟ್ಟ ಕೇಕಿಗೆ ಮರ್ಯಾದೆ ಕೊಡೋ ದಾರಿ. ಕೇಕನ್ನ ಕೈಯಲ್ಲೇ ಪುಡಿ ಮಾಡಿ, ಮಾರಿ ಬಿಸ್ಕೆಟ್ ಪುಡಿ, ಮೂರು ಚಮಚ ಕೋಕೋ, ಕಂಡೆನ್ಸ್ಡ್ ಮಿಲ್ಕ್ ಉಂಡೆ ಕಟ್ಟೋಕೆ ಎಷ್ಟು ಬೇಕೋ ಅಷ್ಟು, ಎರಡು ಮೂರು ಚಮಚ ರಮ್, ಕಲಸಿ ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಿ ಒಣ ಕೊಬ್ಬರಿ ಪುಡಿಯಲ್ಲಿ ಹೊರಳಿಸಿದ್ರೆ ಮುಗೀತು. ಒಲೆ ಹಚ್ಚೋದೇ ಬೇಡ. 40 ನಿಮಿಷಕ್ಕೆ 45 ಉಂಡೆ ಆಯ್ತು, ನಾನೊಬ್ಳೇ. ಇದನ್ನ ಬೇಯಿಸೋದೇ ಇಲ್ವಲ್ಲ, ಹಾಕಿದ ರಮ್ ಹಾಕಿದಂಗೇ ಇರುತ್ತೆ, ಅದಕ್ಕೆ ಮಕ್ಕಳಿಗೆ ಅಂತ ಅರ್ಧ ಹಿಟ್ಟು ಬೇರೆ ತೆಗೆದು ರಮ್ ಬದ್ಲು ಕಾಫಿ ಡಿಕಾಕ್ಷನ್ ಹಾಕಿದೆ. ಚಿಕೋರಿ ಇಲ್ದೇ ಇರೋ ಪ್ಯೂರ್ ಪುಡಿಯದ್ದು, ಫಿಲ್ಟರ್‌ನಲ್ಲಿ ಇಳಿಯೋ ಮೊದಲ್ನೇ ಗಟ್ಟಿ ಡಿಕಾಕ್ಷನ್, ಎರಡೇ ಚಮಚ. ಮೂರನೇ ಚಮಚ ಹಾಕಿದ್ರೆ ಹಿಟ್ಟು ಕೈಗೆ ಅಂಟಿ ಕೆಸರಾಗುತ್ತೆ, ಆಗ ಬಿಸ್ಕೆಟ್ ಪುಡಿನೇ ಗತಿ. ನಾನು ಏನೂ ಅಂದ್ಕೊಳ್ದೆ ಒಂದು ಬಾಯಿಗೆ ಹಾಕೊಂಡೆ ನೋಡಿ, ರಮ್ ಹಾಕಿದ್ದಕ್ಕಿಂತ ಇದೇ ಚೆನ್ನಾಗಿದೆ! ಕೋಕೋದ ಕಹಿಗೆ ಕಾಫಿ ಕಹಿ ಸೇರಿ ಸಿಹಿ ಹದಕ್ಕೆ ಬಂದಿತ್ತು. ಕಾಫಿ ಸೀಮೆಯಲ್ಲಿದ್ಕೊಂಡು ಇಷ್ಟು ದಿನ ಯಾಕೆ ಹೊಳೀಲಿಲ್ಲ ಅಂತ. ಮಕ್ಕಳಿಗೆ ರಾತ್ರಿ ಹೊತ್ತು ಕಾಫಿ ಕೊಟ್ಟಂಗಾಗ್ಲಿಲ್ವಾ ಅಂತ ನಮ್ಮನೆಯವರು ಕೇಳಿದ್ರು, 20 ಉಂಡೆಗೆ ಎರಡು ಚಮಚ ಕಣ್ರೀ ಅಂದೆ.

ರುಚಿ ಒಂದೇ ನೋಡೋದಾದ್ರೆ ಇಲ್ಲಿಗೇ ಸ್ಪರ್ಧೆ ಮುಗೀತು, ಕಾಫಿ ಬಾಲೇ ಫಸ್ಟು.

ಆದ್ರೂ ಕಲ್‌ಕಲ್ ಮಾಡ್ದೆ, ಯಾಕಂದ್ರೆ ಆಂಟಿಗೆ ಮಾತು ಕೊಟ್ಟಿದ್ದೆ. ಅರ್ಧ ಕೆಜಿ ಮೈದಾಗೆ ಚಿಟಿಕೆ ಉಪ್ಪು, ಎರಡು ಚಮಚ ಸಕ್ಕರೆ ಪುಡಿ, ಮೂರು ಚಮಚ ಕಾಸಿದ ತುಪ್ಪ. ಕೋಡುಬಳೆಗೆ ಹಾಕ್ತೀವಲ್ಲ ಹಂಗೇ, ಮುಷ್ಟಿಯಲ್ಲಿ ಹಿಡಿದ್ರೆ ಹಿಟ್ಟು ಉಂಡೆಯಾಗಿ ನಿಲ್ಬೇಕು. ಮೊಟ್ಟೆ ಹಾಕೋರು ಹಾಕ್ತಾರೆ, ಆಂಟಿ ತೆಂಗಿನ ಹಾಲಲ್ಲೇ ಕಲಸು ಸಾಕು ಅಂದ್ರು. ಅರ್ಧ ಗಂಟೆ ನೆನೆಯೋಕೆ ಬಿಟ್ಟು, ಗೋಲಿಗಿಂತ ಸಣ್ಣ ಉಂಡೆ ಮಾಡಿ, ಹೊಸ ಬಾಚಣಿಗೆ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ಬೇಕು. ಕೊಂಕಣಿಯಲ್ಲಿ ಇದಕ್ಕೆ ಕಿಡ್ಯೊ ಅಂತಾರೆ, ಅಂದ್ರೆ ಹುಳ, ಗೆರೆಗೆರೆಯಾಗಿ ಸುರುಳಿ ಸುತ್ಕೊಂಡಿರೋದು ನೋಡಿದ್ರೆ ಕಂಬಳಿ ಹುಳದ ಹಂಗೇ ಇರುತ್ತೆ, ನಮ್ ಪುಟ್ಟಿಗೆ ಇದು ಗೊತ್ತಾದ್ಮೇಲೆ ಅವಳು ಬೇಕಂತ್ಲೇ ತಲೆ ಬಾಲ ಇಟ್ಟು ಮಾಡಿದ್ಲು.

ಕೆಲಸ ಅಂದ್ರೆ ಇದು ಕೆಲಸ. ನಾನು, ಅತ್ತೆ, ಪುಟ್ಟಿ ಮೂರು ಜನ ಎರಡೂವರೆ ಗಂಟೆ ಕೂತು ಇನ್ನೂರೈವತ್ತು ಚಿಲ್ಲರೆ ಸುತ್ತಿದ್ವಿ, ಸೊಂಟ ಹಿಡ್ಕೊಂತು. ಸುರುಳಿ ಅಂಚನ್ನ ಒತ್ತಿ ಮುಚ್ದೇ ಇದ್ರೆ ಎಣ್ಣೆಗೆ ಬಿದ್ದ ತಕ್ಷಣ ಬಿಚ್ಕೊಂಡು ಚಪ್ಪಟೆ ಆಗುತ್ತೆ. ಉರಿ ಜಾಸ್ತಿ ಆದ್ರೆ ಮೇಲೆ ಕೆಂಪಗೆ ಆಗಿ ಒಳಗೆ ಹಸಿ ಉಳಿಯುತ್ತೆ, ನನ್ನ ಮೊದಲ್ನೇ ಒಬ್ಬೆ ಹಂಗೇ ಆಯ್ತು. ಆಮೇಲೆ ಪಾಕ. ಒಂದೆಳೆಗೇ ಇಳಿಸಿದ್ರೆ ಕಲ್‌ಕಲ್ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಹೆಂಟೆ ಆಗುತ್ತೆ, ಎರಡೆಳೆ ದಾಟಿದ್ಮೇಲೆ ಹಾಕಿ ಬಿಡದಂಗೆ ಕೈಯಾಡಿಸ್ತಾ ಇದ್ರೆ ಸಕ್ಕರೆ ಬೆಳ್ಳಗೆ ಮೇಲೆ ಕೂತ್ಕೊಂಡು ಒಂದೊಂದೂ ಬಿಡಿಬಿಡಿಯಾಗಿ ಬರುತ್ತೆ. ನಮ್ಮತ್ತೆದು ಚಿರೋಟಿ ಮಾಡಿ ಪಳಗಿದ ಕೈ, ಪಾಕ ಅವ್ರೇ ನೋಡ್ಕೊಂಡ್ರು, ಇಲ್ದಿದ್ರೆ ಈ ಕತೆ ಬೇರೆ ಥರ ಇರ್ತಿತ್ತು.

ಪಾರ್ಟಿಗೆ ಕೊನೆಗೆ ಮೂರೂ ತಗೊಂಡೋದೆ, ರೋಸ್ ಕುಕ್ಕೀಸ್ ಒಂದು ಬಿಟ್ಟು. ಮಾಡಿದ್ದು ಬಾಕಿ ಇತ್ತಲ್ಲ. ಅಲ್ಲಿ ಆಗಿದ್ದು ನಾನು ಅಂದ್ಕೊಂಡಿದ್ದಲ್ಲ. ರಮ್ ಬಾಲ್ ತಟ್ಟೆ ಮುಂದೆ ಬಂದೋರೆಲ್ಲಾ ನಿಂತು ಕೇಳೋರು, ಇದ್ರಲ್ಲಿ ಮೊಟ್ಟೆ ಇದ್ಯಾ, ಯಾವ್ದು ರಮ್ದು ಯಾವ್ದು ಕಾಫೀದು, ಮಗು ತಿನ್ಬೋದಾ. ನಾನು ಕಾಫೀದಕ್ಕೆ ಮಾತ್ರ ಬಣ್ಣದ ಸ್ಪ್ರಿಂಕಲ್ಸ್ ಹಾಕಿದ್ದೆ ಗುರ್ತಿಗೆ, ಆದ್ರೂ ಬೆಂಕಿ ಬೆಳಕಲ್ಲಿ ಏನ್ ಕಾಣುತ್ತೆ, ಅರ್ಧ ಪಾರ್ಟಿ ನಾನು ತಟ್ಟೆ ಪಕ್ಕದಲ್ಲೇ ವಾಚ್‌ಮನ್ ಥರ ನಿಂತಿದ್ದೆ. ಇನ್ನೊಂದು, ಕೇಕಲ್ಲಿ ಮೊಟ್ಟೆ ಇತ್ತು ಅಂದ್ಮೇಲೆ ಕಾಫಿ ಬಾಲಲ್ಲೂ ಇತ್ತಲ್ಲ, ಅದನ್ನೇ ನಾನು ಮರೆತಿದ್ದೆ! ಆ ಹತ್ತು ಹನ್ನೆರಡು ಜನಕ್ಕೆ ನನ್ನ ಫಸ್ಟ್ ಪ್ರೈಜ್ ತಿಂಡಿನೇ ಇಲ್ಲ. ಮುಂದಿನ ಸಲ ಕೇಕ್ ಬಿಟ್ಟು ಬರೀ ಬಿಸ್ಕೆಟ್, ಖರ್ಜೂರದಲ್ಲೇ ಕಟ್ಟೋದು. ಮಿನಿ ಕೇಕ್ ತಿಂದೋರು ಹೊಗಳಿದ್ರು, ಆದ್ರೆ ಪೇಪರ್ ಕಪ್ ಎಲ್ಲಿ ಬಿಸಾಕೋದು ಅಂತ ಎಲ್ಲರ ಕೈಯಲ್ಲೂ ಒಂದೊಂದು ಪೇಪರ್ ಮುದ್ದೆ, ಕೆಲವರು ಕಾಫಿ ಗಿಡದ ಬುಡಕ್ಕೇ ಎಸೆದ್ರು, ತೋಟದೋರು ನೋಡಿ ಸುಮ್ನಾದ್ರು ಪಾಪ.

ಕಲ್‌ಕಲ್ ಬಗ್ಗೆ ಮಾತ್ರ ಯಾರೂ ಏನೂ ಕೇಳ್ಲಿಲ್ಲ. ಬಂದೋರು ಒಂದು ಹಿಡಿ ತಗೊಂಡ್ರು, ಮಾತಾಡ್ತಾ ಕುರುಕ್ತಾ ಹೋದ್ರು, ಮಕ್ಕಳು ಜೇಬಿಗೆ ತುಂಬ್ಕೊಂಡ್ರು, ಮೊಟ್ಟೆ ತಿನ್ನದೋರೂ ತಿಂದ್ರು. ಹೊಗಳಿದೋರೂ ಯಾರಿಲ್ಲ, ಆದ್ರೆ ಮೊದ್ಲು ಖಾಲಿಯಾಗಿದ್ದು ಅದೇ ತಟ್ಟೆ. ಅದನ್ನ ಪಾರ್ಟಿಗೆ ಆರು ದಿನ ಮುಂಚೆನೇ ಮಾಡಿ ಡಬ್ಬಿಗೆ ಹಾಕಿದ್ದೆ, ಗರಿ ಹಂಗೇ ಇತ್ತು. ಹಂಗಾಗಿ ಮುಂದಿನ ವರ್ಷ 40 ಜನಕ್ಕೆ ಅಂದ್ರೆ ಕಣ್ಮುಚ್ಕೊಂಡು ಕಲ್‌ಕಲ್ ಜೊತೆ ಮೊಟ್ಟೆ ಇಲ್ದೇ ಇರೋ ಕಾಫಿ ಬಾಲ್. ಕೇಕು ಮನೆಗೆ ಬರೋರಿಗೆ, ತಟ್ಟೆ ಡಸ್ಟ್‌ಬಿನ್ ಎರಡೂ ಇರೋ ಕಡೆ.

ಆಂಟಿಗೂ ಒಂದು ಡಬ್ಬಿ ಕೊಟ್ಟೆ. ಒಂದನ್ನ ಮುರಿದು ಒಳಗೆ ನೋಡಿದ್ರು, ಬಾಯಿಗೆ ಹಾಕ್ಕೊಂಡ್ರು, ‘ಪಾಕ ನಿಂದಲ್ಲ ಅಲ್ವಾ?’ ಅಂದ್ರು.